ಕಂಪ್ರೆಸರ್ ಟ್ಯಾಂಕಿನ ಹೊಟ್ಟೆಯೊಳಗಿನ ತುಕ್ಕು

ಮಂಗಳೂರಿನ ಬೈಕಂಪಾಡಿಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್. ಟಿಂಕರಿಂಗ್, ಪೇಂಟಿಂಗ್ ಕೆಲಸ. ನನ್ನನ್ನೂ ಸೇರಿಸಿ ನಾಲ್ಕು ಜನ. ಟ್ರೇಡ್ ಲೈಸೆನ್ಸ್ ವರ್ಷವರ್ಷ ರಿನೀವಲ್ ಮಾಡಿಸುತ್ತೇನೆ, ಅಷ್ಟಾದರೆ ಎಲ್ಲ ಸರಿ ಅಂದುಕೊಂಡಿದ್ದೆ. ಆದರೆ ಆ ಲೈಸೆನ್ಸ್ ಅಂಗಡಿಯದ್ದು, ಮೂಲೆಯಲ್ಲಿ ಕೂತು ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುವ ಕಂಪ್ರೆಸರಿನದ್ದಲ್ಲ ಅಲ್ವಾ?

ದೊಡ್ಡ ಫ್ಯಾಕ್ಟರಿಗಳಿಗೆ ಇಂಥ ಟ್ಯಾಂಕುಗಳನ್ನು ಪರೀಕ್ಷೆ ಮಾಡಿಸುವ ಅಭ್ಯಾಸ ಇದೆ. 2025ರವರೆಗೆ ಜಾರಿಯಲ್ಲಿದ್ದ 1948ರ ಫ್ಯಾಕ್ಟರಿ ಕಾಯ್ದೆಯ 31ನೇ ಸೆಕ್ಷನ್ ಒತ್ತಡದ ಯಂತ್ರಗಳ ಬಗ್ಗೆಯೇ ಇದ್ದದ್ದು. ಅಲ್ಲಿ 6 ತಿಂಗಳಿಗೊಮ್ಮೆ ಹೊರಗಿನಿಂದ, ವರ್ಷಕ್ಕೊಮ್ಮೆ ಒಳಗಿನಿಂದ ನೋಡುತ್ತಿದ್ದರು, 4 ವರ್ಷಕ್ಕೊಮ್ಮೆ ನೀರು ತುಂಬಿ ಪರೀಕ್ಷೆ ಮಾಡುತ್ತಿದ್ದರು. ನಾಲ್ಕು ಜನರ ಅಂಗಡಿ ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ನಮ್ಮ ಹುಡುಗ ಊಟಕ್ಕೆ ಕೂರುವುದು ಆ ಟ್ಯಾಂಕಿನ ಪಕ್ಕದಲ್ಲೇ. ಹಾಗಾಗಿ ಸರಕಾರದ ಮಾನ್ಯತೆ ಇರುವ ಕಾಂಪಿಟೆಂಟ್ ಪರ್ಸನ್, ಅಂದರೆ ಇಂಥ ಯಂತ್ರ ಪರೀಕ್ಷಿಸುವವರು, ಒಬ್ಬರನ್ನು ಫೀಸ್ ಕೊಟ್ಟು ಕರೆಸಿದೆ.

ಅವರು ಮೊದಲು ಕೇಳಿದ್ದು ನೇಮ್ ಪ್ಲೇಟ್. ಸೆಕೆಂಡ್ ಹ್ಯಾಂಡ್ ಮಾಲು, ಮೇಲೆ ಎರಡು ಮೂರು ಕೋಟ್ ಪೇಂಟ್. ಕೆರೆದು ನೋಡಿದಾಗ ವರ್ಕಿಂಗ್ ಪ್ರೆಶರ್ 10 ಕಿಲೋ, ಟೆಸ್ಟ್ ಪ್ರೆಶರ್ 15 ಕಿಲೋ (ಚದರ ಸೆಂಟಿಮೀಟರಿಗೆ) ಅಂತ ಸಿಕ್ಕಿತು. ಆಮೇಲೆ ಸೇಫ್ಟಿ ವಾಲ್ವಿನ ರಿಂಗ್ ಎಳೆದರು. ಅಲುಗಲೇ ಇಲ್ಲ, ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಪ್ರೆಶರ್ ಸ್ವಿಚ್ ಕೈಕೊಟ್ಟು ಮೋಟಾರ್ ನಿಲ್ಲದೆ ಓಡಿದರೆ ಹೆಚ್ಚಿನ ಗಾಳಿಯನ್ನು ಹೊರಗೆ ಬಿಡಬೇಕಾದ್ದೇ ಆ ವಾಲ್ವ್. ಇಷ್ಟು ದಿನ ಅದಿಲ್ಲದೆಯೇ ಕೆಲಸ ಮಾಡಿದ್ದೇವೆ ಅಂತ ಗೊತ್ತಾದಾಗ ಕೈಕಾಲು ತಣ್ಣಗಾಯಿತು.

ಕೊನೆಗೆ ಅಲ್ಟ್ರಾಸಾನಿಕ್ ಮೀಟರ್. ಜೆಲ್ ಹಚ್ಚಿ ಪ್ರೋಬ್ ಇಟ್ಟರೆ ಶೀಟಿನ ದಪ್ಪ ತೋರಿಸುತ್ತದೆ. ಬದಿಯಲ್ಲಿ 4.8 ಮಿ.ಮೀ. ಅಡಿಗೆ ಹೋದಂತೆ ಇಳಿಯುತ್ತಾ ಡ್ರೇನ್, ಅಂದರೆ ನೀರು ಹೊರಗೆ ಬಿಡುವ ತೂತಿನ, ಹತ್ತಿರ 2.6! ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಎಷ್ಟಿರುತ್ತದೆ ಅಂತ ಹೇಳಬೇಕಾ ಮಾರಾಯ್ರೆ, ಅದನ್ನೇ ಒತ್ತಿ ಟ್ಯಾಂಕಿಗೆ ತುಂಬಿದರೆ ತಣ್ಣಗಾದಾಗ ನೀರಾಗಿ ಅಡಿಯಲ್ಲಿ ನಿಲ್ಲುತ್ತದೆ, ಮಳೆಗಾಲದಲ್ಲಂತೂ ದಿನಾ ಡ್ರೇನ್ ಬಿಡದಿದ್ದರೆ ಒಳಗಿನಿಂದಲೇ ತಿಂದು ಹಾಕುತ್ತದೆ. ಹೊರಗಿನ ಪೇಂಟ್ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ.

ಒಂದು ಪ್ಯಾಚ್ ವೆಲ್ಡ್ ಮಾಡಲಾ ಅಂತ ಕೇಳಿದೆ. ಖಡಾಖಂಡಿತ ಬೇಡ ಅಂದರು. ತೆಳುವಾದ ಶೀಟಿಗೆ ವೆಲ್ಡಿಂಗ್ ಬಿಸಿ ತಾಗಿದರೆ ಅದರ ಪಕ್ಕದಲ್ಲೇ ಬಿರುಕು ಬಿಡಬಹುದು. ಹಾಗಾದರೆ ಗಾಳಿ ತುಂಬಿ ಸೋಪು ನೀರು ಹಚ್ಚಿ ನೋಡೋಣವಾ ಅಂದೆ. ಅದೂ ಬೇಡ. ಹಾಗೆ ಮಾಡಿದರೆ ಲೀಕ್ ಕಾಣಬಹುದು, ಶೀಟಿನ ಶಕ್ತಿ ಗೊತ್ತಾಗುವುದಿಲ್ಲ. ನೀರನ್ನು ಒತ್ತಿದರೂ ಅದು ಹೆಚ್ಚು ಕುಗ್ಗುವುದಿಲ್ಲ, ನೀರು ತುಂಬಿ ಮಾಡುವ ಟೆಸ್ಟಲ್ಲಿ ಟ್ಯಾಂಕ್ ಸೀಳಿದರೂ ಪಿಚಕ್ ಅಂತ ನೀರು ಬಂದು ನಿಲ್ಲುತ್ತದೆ. ಒತ್ತಿದ ಗಾಳಿ ಹಾಗಲ್ಲ, ಸ್ಫೋಟಿಸುತ್ತದೆ.

ಹೊಸ ಟ್ಯಾಂಕ್ ತಂದೆ. ಟೆಸ್ಟ್ ಸರ್ಟಿಫಿಕೇಟಿನ ಸೀರಿಯಲ್ ನಂಬರ್ ಪ್ಲೇಟಿನಲ್ಲಿರುವುದಕ್ಕೆ ತಾಳೆ ಆಗುತ್ತದಾ ಅಂತ ನೋಡಿಯೇ ದುಡ್ಡು ಕೊಟ್ಟೆ. ಸೇಫ್ಟಿ ವಾಲ್ವ್, ಗೇಜ್ ಎರಡೂ ಹೊಸತು. ಈಗ ಸಂಜೆ ಅಂಗಡಿ ಮುಚ್ಚುವ ಮೊದಲು ಡ್ರೇನ್ ಬಿಡುವುದು ನನ್ನದೇ ಕೆಲಸ, ಆಗಾಗ ವಾಲ್ವ್ ರಿಂಗನ್ನೂ ಎಳೆದು ನೋಡುತ್ತೇನೆ.

ಹಳೆಯದನ್ನು ಗುಜರಿಗೆ ಕೊಡುವ ಮೊದಲು ಗಾಳಿ ಪೂರ್ತಿ ಬಿಟ್ಟು ಡ್ರಿಲ್ಲಿನಲ್ಲಿ ನಾಲ್ಕು ಕಡೆ ತೂತು ಮಾಡಿದೆ. ಇನ್ಯಾರೋ ಅದಕ್ಕೆ ಪೇಂಟ್ ಹೊಡೆದು ಮತ್ತೆ ಗಾಳಿ ತುಂಬುವುದು ಬೇಡ.