ಖಳನ ಮನಸ್ಸನ್ನು ಕಟ್ಟುವ ಬಗೆ

ಬರೆಯಲು ಕೂರುವ ಮುನ್ನ ಒಂದು ಹಾಳೆಯಲ್ಲಿ ಮೂರೇ ಸಾಲು ಗೀಚಿಕೊಳ್ಳಿ: ಖಳನಿಗೆ ಏನು ಬೇಕು, ಯಾವುದು ಕೈತಪ್ಪುವ ಭಯ, ತನ್ನ ಕೃತ್ಯಕ್ಕೆ ತಾನೇ ಹೇಳಿಕೊಳ್ಳುವ ಸಮಜಾಯಿಷಿ ಏನು. ಮೂರನೆಯದಕ್ಕೆ ಹೆಚ್ಚು ಹೊತ್ತು ಕೊಡಿ.

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಒಬ್ಬ ಅಡಿಕೆ ವ್ಯಾಪಾರಿ ಎಂದಿಟ್ಟುಕೊಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಏರಿದಾಗ ಅಪ್ಪನ ತೋಟ ಮುಳುಗಿತು. ಆಗ ಅವನಿಗೆ ಒಂಬತ್ತು ವರ್ಷ. ಕಥೆ ನಡೆಯುವ 1995ರಲ್ಲಿ ನಲವತ್ತು. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಲು ದುಡ್ಡಿಲ್ಲದೆ ಕೊಳೆರೋಗಕ್ಕೆ ಕಾಯಿ ಕಳೆದುಕೊಂಡವರಿಗೆ ಸಾಲ ಕೊಟ್ಟು ತೋಟದ ಪತ್ರ ಇಟ್ಟುಕೊಳ್ಳುತ್ತಾನೆ. ‘ಮುಳುಗದ ನೆಲ ನನ್ನ ಮಕ್ಕಳಿಗಿರಲಿ’ ಎಂಬುದು ಅವನ ಸಮಜಾಯಿಷಿ. ಇನ್ನು ಅವನ ಕೈ ತೋರಿಸಿ: ಬೇಯಿಸಿ ಒಣಗಿಸಿದ ‘ರಾಶಿ’ ಅಡಿಕೆಯ ಚೀಲದಿಂದ ಒಂದನ್ನು ತೆಗೆದು, ಮುರಿದು, ಮೂಸಿ, “ಇನ್ನೂ ಹಸಿ ಇದ್ಯಲ್ಲ ಮಾರಾಯ” ಎನ್ನುತ್ತಾನೆ. ಅಡಿಕೆ ಚೆನ್ನಾಗಿಯೇ ಒಣಗಿದೆ. ಕೂಗಾಟ ಬೇಡ, ಆ ಮೆಲುದನಿ ಸಾಕು.

ಹೆಚ್ಚಿನವರು ಎಡವುವುದು ಬಾಲ್ಯದ ನೋವಿನಲ್ಲಿ. ಅದನ್ನು ಮೊದಲ ಅಧ್ಯಾಯದಲ್ಲೇ ಸುರಿದರೆ ಕನಿಕರ ಬಂದು ಭಯ ಹೋಗುತ್ತದೆ. ಮೊದಲು ಕೃತ್ಯ, ಕಾರಣದ ಸುಳಿವು ಕಥೆಯ ನಡುವಿಗೆ. ಅದೇ ನೀರಿನಲ್ಲಿ ನೆಲ ಕಳೆದುಕೊಂಡೂ ಯಾರನ್ನೂ ಸುಲಿಯದ ತಂಗಿಯೊಬ್ಬಳು ಪಕ್ಕದಲ್ಲಿರಲಿ. ಪತ್ರ ಹಿಂದಿರುಗಿಸಲು ಕಪಾಟು ತೆರೆದವನು ಮತ್ತೆ ಮುಚ್ಚುವ ಕ್ಷಣವೂ ಬೇಕು. ಅದಿಲ್ಲದಿದ್ದರೆ ಅವನು ವಿಧಿಯ ಬೊಂಬೆಯಾಗುತ್ತಾನೆ.

ಅವನೇ ‘ನಾನು’ ಎಂದು ಮಾತಾಡುವ ಒಂದು ಪುಟ ಬರೆದು ನೋಡಿ, ಕಥೆಗೆ ಸೇರಿಸಬೇಡಿ. ಅಲ್ಲಿ ತನ್ನನ್ನು ಕೆಟ್ಟವನೆಂದು ಬೈದುಕೊಂಡಿದ್ದರೆ ಹರಿದು ಮತ್ತೆ ಬರೆಯಿರಿ.