ಅರ್ಧ ಗಂಟೆಯ ಲೆಕ್ಕ: ಸೀಕೋ 5 ಜಿಎಂಟಿ, ಪ್ರಾಸ್ಪೆಕ್ಸ್ ಡೈವರ್ – ನನ್ನ ಅನುಭವ

ಸೀಕೋ 5 ಸ್ಪೋರ್ಟ್ಸ್ ಎಸ್‌ಎಸ್‌ಕೆ001 2022ರಲ್ಲಿ ಬಂದಾಗ ಅಮೆರಿಕದಲ್ಲಿ ಅದರ ಬೆಲೆ 475 ಡಾಲರ್. ಅದಕ್ಕೂ ಎರಡು ವರ್ಷ ಮೊದಲು ಬಂದ ಪ್ರಾಸ್ಪೆಕ್ಸ್ ಎಸ್‌ಪಿಬಿ143 ಡೈವರ್‌ಗೆ 1,200 ಡಾಲರ್. ಮೊದಲನೆಯದು ಜಿಎಂಟಿ, ಅಂದರೆ ಇನ್ನೊಂದು ಊರಿನ ಸಮಯ ತೋರಿಸಲು 24 ಗಂಟೆಗೊಮ್ಮೆ ಸುತ್ತುವ ಮುಳ್ಳೂ ಇರುವ ಪ್ರಯಾಣಿಕರ ವಾಚು, ಎರಡನೆಯದು ನೀರಿಗಿಳಿಯುವವರದು. ಯುರೋಪಿಗೆ ಹೋಗುವಾಗ ಎರಡನ್ನೂ ಕಟ್ಟಿ ನೋಡಿದ ಮೇಲೆ ಈ ವಿಂಗಡಣೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಎಸ್‌ಎಸ್‌ಕೆ001ರ ಒಳಗಿರುವುದು 4ಆರ್34 ಯಂತ್ರ. ಕ್ರೌನನ್ನು (ಪಕ್ಕದಲ್ಲಿರುವ ಕೀಲಿ ಗುಂಡಿ) ಒಂದು ಹಂತ ಎಳೆದು ಒಂದು ಕಡೆಗೆ ತಿರುಗಿಸಿದರೆ ತಾರೀಕು ಬದಲಾಗುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ 24 ಗಂಟೆಯ ಮುಳ್ಳು ಒಂದೊಂದು ಗಂಟೆ ಜಿಗಿಯುತ್ತದೆ. ಗಂಟೆ ಮುಳ್ಳನ್ನು ಮಾತ್ರ ಬೇರೆಯಾಗಿ ಜಿಗಿಸಲು ಬರುವುದಿಲ್ಲ. ಹಾಗಾಗಿ ವಿಮಾನ ಇಳಿದ ಮೇಲೆ ಕ್ರೌನನ್ನು ಎರಡನೇ ಹಂತಕ್ಕೆ ಎಳೆದು, ವಾಚು ನಿಲ್ಲಿಸಿ, ಸ್ಥಳೀಯ ಸಮಯ ಇಡಬೇಕು. ಆಗ 24 ಗಂಟೆಯ ಮುಳ್ಳೂ ಜೊತೆಗೇ ಸರಿಯುವುದರಿಂದ ಅದನ್ನು ಮತ್ತೆ ಹೊಂದಿಸಬೇಕು. ಮನೆಯಲ್ಲೇ ಕುಳಿತು ವಿದೇಶದವರಿಗೆ ಫೋನ್ ಮಾಡುವವರಿಗೆ ಈ ವ್ಯವಸ್ಥೆ ಹೇಳಿ ಮಾಡಿಸಿದಂತಿದೆ.

ನಮಗಿರುವ ನಿಜವಾದ ತೊಡಕು ಅರ್ಧ ಗಂಟೆಯದು. ಭಾರತದ ಸಮಯ ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಗಿಂತ ಐದೂವರೆ ಗಂಟೆ ಮುಂದು, ಜಿಗಿಯುವ ಮುಳ್ಳಿಗೆ ಮಾತ್ರ ಪೂರ್ಣ ಗಂಟೆಗಳೇ ಗೊತ್ತು. ಇದಕ್ಕೆ ಉಪಾಯ ಬೆಜೆಲ್‌ನಲ್ಲಿದೆ, ಅಂದರೆ ಗಾಜಿನ ಸುತ್ತ ಅಂಕಿಗಳಿರುವ ತಿರುಗುವ ಬಳೆಯಲ್ಲಿ. ಈ ವಾಚಿನ ಬೆಜೆಲ್ ಎರಡೂ ಕಡೆ ತಿರುಗುತ್ತದೆ, ಕ್ಲಿಕ್ ಇಲ್ಲ, ಬಿಗಿತದಿಂದಲೇ ನಿಲ್ಲುತ್ತದೆ. ಬೇಸಿಗೆಯ ಫ್ರಾಂಕ್‌ಫರ್ಟ್‌ನಲ್ಲಿ ಬೆಳಗ್ಗೆ 10 ಎಂದಿಟ್ಟುಕೊಳ್ಳಿ. ಬೆಜೆಲ್‌ನ ತ್ರಿಕೋನವನ್ನು ಮೇಲಕ್ಕೆ ತಂದು, 24 ಗಂಟೆಯ ಮುಳ್ಳನ್ನು 10ಕ್ಕೆ ಇಡುತ್ತೇನೆ. ಆಮೇಲೆ 13 ಮತ್ತು 14ರ ನಡುಮಧ್ಯ ಆ ಮುಳ್ಳಿನ ನೇರಕ್ಕೆ ಬರುವವರೆಗೆ ಬೆಜೆಲನ್ನು ಎಡಕ್ಕೆ ತಿರುಗಿಸುತ್ತೇನೆ. ಊರಲ್ಲಿ ಆಗ 13:30. ಅರ್ಧ ಗಂಟೆಯೆಂದರೆ ಏಳೂವರೆ ಡಿಗ್ರಿ; 24 ಕ್ಲಿಕ್‌ನ ಬೆಜೆಲ್ ಆಗಿದ್ದರೆ ಇದು ಸಾಧ್ಯವೇ ಇರಲಿಲ್ಲ. ಆದರೆ ಕ್ಲಿಕ್ ಇಲ್ಲದ್ದೇ ಇದರ ದೌರ್ಬಲ್ಯವೂ ಹೌದು. ಅಂಗಿಯ ತೋಳೋ ಬ್ಯಾಗಿನ ಪಟ್ಟಿಯೋ ತಾಗಿದರೆ ಸರಿದುಬಿಡುತ್ತದೆ, ಸರಿದದ್ದು ಗೊತ್ತೂ ಆಗುವುದಿಲ್ಲ.

ಡೈವರ್‌ನ ಬೆಜೆಲ್‌ಗೆ 120 ಕ್ಲಿಕ್, ತಿರುಗುವುದು ಎಡಕ್ಕೆ ಮಾತ್ರ. ಗಂಟೆಗೆ 10 ಕ್ಲಿಕ್, ಅರ್ಧ ಗಂಟೆಗೆ ಸರಿಯಾಗಿ 5. ಊರು ಮೂರೂವರೆ ಗಂಟೆ ಮುಂದಿದ್ದರೆ ತ್ರಿಕೋನವನ್ನು 12ರಿಂದ ಎಡಕ್ಕೆ 35 ಕ್ಲಿಕ್ ಸರಿಸಿ, ಅದನ್ನೇ 12 ಎಂದುಕೊಂಡು ಗಂಟೆ ಮುಳ್ಳನ್ನು ಓದಬೇಕು. ಬೆಜೆಲ್‌ನಲ್ಲಿರುವುದು ನಿಮಿಷದ ಅಂಕಿಗಳು, ಹಾಗಾಗಿ 10 ಎಂದರೆ 2 ಗಂಟೆ, 20 ಎಂದರೆ 4. ಹಗಲೋ ರಾತ್ರಿಯೋ ಎಂಬುದನ್ನು ನಾವೇ ನೆನಪಿಡಬೇಕು. ನೀರಿಗಿಳಿದಾಗ ಅದೇ ಬೆಜೆಲ್ ಮುಳುಗಿದ ಸಮಯ ಎಣಿಸಲು ಬೇಕು, ಹಾಗಾಗಿ ಎರಡು ಕೆಲಸ ಒಟ್ಟಿಗೆ ಆಗದು.

ಹೆಚ್ಚಿನ ಹಣ ಹೋಗುವುದು ಬೇರೆ ಕಡೆ. ಹಾರ್ಡ್‌ಲೆಕ್ಸ್ ಗಾಜಿನ ಬದಲು ಸುಲಭವಾಗಿ ಗೀರು ಬೀಳದ ಸಫೈರ್ ಗಾಜು, ನೀರು ತಡೆಯುವುದರಲ್ಲಿ 100 ಮೀಟರ್ ಬದಲು 200, ತಿರುಪಿ ಮುಚ್ಚುವ ಕ್ರೌನ್. ಒಮ್ಮೆ ಪೂರ್ತಿ ಕೀ ಕೊಟ್ಟರೆ ಎಸ್‌ಎಸ್‌ಕೆ001 41 ಗಂಟೆ ನಡೆಯುತ್ತದೆ, ಡೈವರ್‌ನ 6ಆರ್35 70 ಗಂಟೆ. ಶುಕ್ರವಾರ ಸಂಜೆ ಬಿಚ್ಚಿಟ್ಟರೆ ಮೊದಲನೆಯದು ಭಾನುವಾರ ನಿಂತಿರುತ್ತದೆ, ಎರಡನೆಯದು ಸೋಮವಾರ ಬೆಳಗ್ಗೆಯೂ ಓಡುತ್ತಿರುತ್ತದೆ. ನಿಖರತೆಯಲ್ಲಿ ಮಾತ್ರ ಬೆಲೆಗೆ ತಕ್ಕ ಅಂತರವಿಲ್ಲ: ಕಂಪನಿ ಹೇಳುವ ಮಿತಿ 4ಆರ್34ಕ್ಕೆ ದಿನಕ್ಕೆ +45ರಿಂದ −35 ಸೆಕೆಂಡ್, 6ಆರ್35ಕ್ಕೆ +25ರಿಂದ −15. ಒಳ್ಳೆಯ 4ಆರ್34 ಸಿಕ್ಕರೆ ಅದೇ ಮುಂದಿರಬಹುದು.

ನೇತ್ರಾಣಿಯಲ್ಲಿ ಸ್ಕೂಬಾ ಮಾಡುವವರು ಡೈವರನ್ನೇ ಕಟ್ಟಲಿ. ಕ್ರೌನ್ ಮುಚ್ಚುವಾಗ ನೇರ ಬಲಕ್ಕೆ ಒತ್ತಿ ತಿರುಪಬೇಡಿ. ಮೊದಲು ಸ್ವಲ್ಪ ಹಿಂದಕ್ಕೆ ತಿರುಗಿಸಿ, ತಿರುಪಿನ ಎಳೆ ಕೂತದ್ದು ಬೆರಳಿಗೆ ಗೊತ್ತಾದ ಮೇಲೆ ಮುಂದಕ್ಕೆ ತಿರುಪಿ. ಎಳೆ ಅಡ್ಡ ಹತ್ತಿದರೆ ಕ್ರೌನ್, ಅದು ಕೂರುವ ಟ್ಯೂಬ್ ಎರಡೂ ಹಾಳು. ಉಪ್ಪುನೀರಿನಿಂದ ಮೇಲೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ, ಬಿಸಿನೀರು ಬೇಡ. ಎರಡರಲ್ಲೂ ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ನಾನು ತಾರೀಕು ಬದಲಿಸುವುದಿಲ್ಲ. ಆಗ ತಾರೀಕಿನ ಹಲ್ಲುಗಳು ಕಚ್ಚಿಕೊಂಡಿರುತ್ತವೆ.

ಅಕ್ಟೋಬರ್ ಕೊನೆಯ ಭಾನುವಾರ ಯುರೋಪ್ ಗಡಿಯಾರ ಹಿಂದಿಟ್ಟಾಗ ಅಂತರ ನಾಲ್ಕೂವರೆ ಗಂಟೆಯಾಗುತ್ತದೆ. ಗಂಟೆ ಮುಳ್ಳು ಹಿಂದಿಟ್ಟು, ಡೈವರ್‌ನ ಬೆಜೆಲನ್ನು ಇನ್ನು 10 ಕ್ಲಿಕ್ ತಿರುಗಿಸಿದರೆ ಮುಗಿಯಿತು. ಮಾರ್ಚ್‌ನಲ್ಲಿ ಮತ್ತೆ ಮೂರೂವರೆಗೆ ತರಲು ಬೆಜೆಲ್ ಬಲಕ್ಕೆ ತಿರುಗದು. ಎಡಕ್ಕೇ 110 ಕ್ಲಿಕ್ ಸುತ್ತಿಸಬೇಕು.