ಆರಿರಾಂಗ್ ಹಾಡನ್ನ ಪಾಪ್ ಸ್ಟೈಲಲ್ಲಿ ರೀಮೇಕ್ ಮಾಡೋದು ಹೇಗೆ: ಏನ್ ಮುಟ್ಬಹುದು, ಏನ್ ಮುಟ್ಬಾರ್ದು

ಕೆ-ಪಾಪ್ ಕೇಳೋರಲ್ಲಿ ಸುಮಾರು ಜನಕ್ಕೆ ಕೊರಿಯಾದ ಜನಪದ ಹಾಡು ಆರಿರಾಂಗ್ ಮೊದ್ಲು ಕಿವಿಗೆ ಬಿದ್ದಿರೋದೇ ಯಾರೋ ಒಬ್ಬ ಪಾಪ್ ಸಿಂಗರ್ ಬಾಯಲ್ಲಿ. ಬಿಟಿಎಸ್‌ನವರು 2016ರಲ್ಲಿ ಪ್ಯಾರಿಸ್‌ನ ಕೆಕಾನ್ ಅನ್ನೋ ಕೆ-ಪಾಪ್ ಹಬ್ಬದ ಸ್ಟೇಜ್ ಮೇಲೆ ಮಾಡಿದ ಮೆಡ್ಲಿ ಇರಬಹುದು, 2002ರ ಫುಟ್ಬಾಲ್ ವರ್ಲ್ಡ್ ಕಪ್ ಟೈಮಲ್ಲಿ ಯೂನ್ ದೊ-ಹ್ಯೂನ್ ಬ್ಯಾಂಡ್ ಗಿಟಾರ್ ಹಾಕಿ ಹಾಡಿದ ರಾಕ್ ವರ್ಷನ್ ಇರಬಹುದು, ಜಾಝ್ ಸಿಂಗರ್ ನಾ ಯೂನ್-ಸನ್ ಹಾಡಿರೋದು ಇರಬಹುದು. ಕೇಳಿದ್ಮೇಲೆ ನಾವೂ ಒಂದು ಕವರ್ ಮಾಡೋಣ ಅನ್ಸತ್ತೆ, ಟ್ಯೂನ್ ಸುಲಭ ಅನ್ಸತ್ತೆ, ಹಾಡ್ತೀವಿ, ಆಮೇಲೆ ಕೇಳಿದ್ರೆ ಸ್ವರ ಎಲ್ಲಾ ಸರಿ ಇದ್ರೂ ಹಾಡು ಮಾತ್ರ ಆರಿರಾಂಗ್ ಥರ ಇರಲ್ಲ. ಯಾಕ್ ಹಾಗಾಗತ್ತೆ, ಹಾಗಾಗ್ದೇ ಇರೋಕೆ ಏನ್ ಮಾಡ್ಬೇಕು ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲ್ನೇ ಕೆಲ್ಸ, ಯಾವ ಆರಿರಾಂಗ್ ಅಂತ ತೀರ್ಮಾನ ಮಾಡಿ. ಆರಿರಾಂಗ್ ಅಂದ್ರೆ ಒಂದು ಹಾಡಲ್ಲ, ದೊಡ್ಡ ಕುಟುಂಬ, 2012ರಲ್ಲಿ ಯುನೆಸ್ಕೊ ಪಟ್ಟಿಗೆ ದಕ್ಷಿಣ ಕೊರಿಯಾ ಕಡೆಯಿಂದ ಸೇರಿದಾಗ ಸುಮಾರು 60 ಬಗೆ, ಅವುಗಳಲ್ಲಿ ಹತ್ತಿರ ಹತ್ತಿರ 3,600 ಹಾಡು ಅಂತ ಲೆಕ್ಕ ಕೊಟ್ಟಿದ್ರು, 2014ರಲ್ಲಿ ಉತ್ತರ ಕೊರಿಯಾದ್ದೂ ಸೇರ್ತು. ಎಲ್ಲರ ಬಾಯಲ್ಲಿರೋ ಮಾಮೂಲಿ ಟ್ಯೂನ್‌ಗೆ ಬೊಂಜೊ ಆರಿರಾಂಗ್ ಅಂತಾರೆ, ಸೋಲ್ ಸುತ್ತಮುತ್ತಲಿನ ಗ್ಯೊಂಗ್ಗಿ ಕಡೆಯ ಶೈಲಿ ಅದು. ಅದು ದೇಶ ಪೂರ್ತಿ ಹರಡಿದ್ದು 1926ರಲ್ಲಿ ನಾ ವೂನ್-ಗ್ಯು ಮಾಡಿದ 'ಆರಿರಾಂಗ್' ಅನ್ನೋ ಮೂಕಿ ಸಿನಿಮಾದಿಂದ. ಅಂದ್ರೆ ನಾವು 'ಒರಿಜಿನಲ್' ಅನ್ಕೊಂಡಿರೋದೇ ಹಳೇ ಜನಪದ ಹಾಡಿಗೆ ಸಿನಿಮಾದೋರು ಕೊಟ್ಟ ಹೊಸ ರೂಪ. ಇದನ್ನ ತಲೆಯಲ್ಲಿ ಇಟ್ಕೊಂಡ್ರೆ ಭಯ ಅರ್ಧ ಹೋಗತ್ತೆ, ಈ ಹಾಡು ರೀಮೇಕ್ ಆಗ್ತಾ ಆಗ್ತಾನೇ ಬದುಕಿ ಬಂದಿದೆ, ಪ್ರತೀ ಸಲ ಮಾಡಿದೋರು ಏನನ್ನ ಕೈಬಿಡ್ಲಿಲ್ಲ ಅನ್ನೋದನ್ನ ನಾವು ನೋಡ್ಕೊಂಡ್ರೆ ಸಾಕು.

ಬೊಂಜೊ ಬೇಡ ಅಂದ್ರೆ ಇನ್ನೂ ಕೆಲವು ಇವೆ. ಗಾಂಗ್ವೊನ್ ಗುಡ್ಡಗಾಡಿನ ಜೊಂಗ್ಸೊನ್ ಆರಿರಾಂಗ್ ನಿಧಾನ, ಎಳೆದೆಳೆದು ಹಾಡೋದು, ಬ್ಯಾಲಡ್‌ಗೆ ಚೆನ್ನಾಗಿ ಹೊಂದತ್ತೆ. ಮಿರ್ಯಾಂಗ್ ಆರಿರಾಂಗ್ ಚುರುಕು, ಡ್ಯಾನ್ಸ್ ಟ್ರ್ಯಾಕ್ ಮಾಡೋರಿಗೆ ಅದೇ ಸರಿ. ನೈಋತ್ಯದ ಜಿಂದೊ ಆರಿರಾಂಗ್‌ನಲ್ಲಿ ಪಲ್ಲವಿ ಮಧ್ಯೆ ಮೂಗಿನಲ್ಲೇ 'ಉಂಗ್ ಉಂಗ್ ಉಂಗ್' ಅಂತ ಒಂದು ಗುನುಗು ಬರತ್ತೆ, ಎಷ್ಟು ಚೆಂದ ಅಂದ್ರೆ ಪಾಪ್‌ನಲ್ಲಿ ಹುಕ್ ಅಂತಾರಲ್ಲ, ಕಿವಿಗೆ ಅಂಟ್ಕೊಳ್ಳೋ ತುಣುಕು, ಅದು ರೆಡಿಯಾಗೇ ಇದೆ ಅಲ್ಲಿ. ಗಾಂಗ್ವೊನ್‌ದೊ ಆರಿರಾಂಗ್ ಅಂತ ಇನ್ನೊಂದಿದೆ, ಅದು ಹತ್ತರ ಲೆಕ್ಕ, ಮೂರು ಎರಡು ಮೂರು ಎರಡು ಅಂತ ನಡೆಯತ್ತೆ, ಖಂಡಚಾಪು ಗೊತ್ತಿರೋರಿಗೆ ಕೈ ತಾನಾಗೇ ಬರತ್ತೆ. ಮೊದಲ ಸಲ ಮಾಡೋರಾದ್ರೆ ಬೊಂಜೊನೇ ತಗೊಳ್ಳಿ ಅಂತ ನನ್ನ ಸಲಹೆ, ಮುಂದೆ ಹೇಳೋದೆಲ್ಲ ಹೆಚ್ಚಾಗಿ ಅದರ ಬಗ್ಗೇನೇ.

ಟ್ಯೂನ್ ಕಲಿಯೋದು. ಸಂಗೀತ ಸ್ವಲ್ಪ ಗೊತ್ತಿದ್ರೆ ನಿಮಗೆ ಒಳ್ಳೇ ಸುದ್ದಿ, ಇದರಲ್ಲಿ ಐದೇ ಸ್ವರ, ಸ ರಿ ಗ ಪ ದ, ನಮ್ಮ ಮೋಹನದ್ದೇ. ಶುರುವಾಗೋದು ಮಂದ್ರದ ಪ ಇಂದ. ಮೊದಲ 'ಆರಿರಾಂಗ್'ಗೆ ಪ ದ ಪ ದ, ಎರಡನೇದಕ್ಕೆ ಮೇಲೆ ಹತ್ತಿ ಸ ರಿ ಸ ರಿ, ಆಮೇಲೆ 'ಆರಾರಿ' ಗ ಮುಟ್ಟಿ ಕೆಳಗೆ ಇಳಿದು ಬರತ್ತೆ, 'ಯೋ' ಮೇಲೆ ಒಂದಿಡೀ ಆವರ್ತ ನಿಂತು ಮತ್ತೆ ಅದೇ ಪ ದ ಪ ದ ತೂಗತ್ತೆ. ಆ 'ಯೋ' ಜಾಗ ಗುರುತು ಹಾಕ್ಕೊಳ್ಳಿ, ಪಾಪ್ ಸಿಂಗರ್‌ಗಳು ಉದ್ದುದ್ದ ರನ್ (ಒಂದೇ ಅಕ್ಷರದ ಮೇಲೆ ಸರಸರ ಸ್ವರ ಓಡಿಸೋದು) ಹಾಕೋಕೆ ಕೈಹಾಕೋದು ಅಲ್ಲೇ, ಕೆಡೋದೂ ಅಲ್ಲೇ. ಪಲ್ಲವಿ ಎರಡು ಸಾಲು, ಚರಣ ಎರಡು ಸಾಲು, ಒಂದೊಂದು ಸಾಲಿಗೆ ನಾಲ್ಕು ಬಾರ್ (ಆವರ್ತ), ಒಟ್ಟು 16 ಬಾರ್‌ಗೆ ಹಾಡು ಒಂದು ಸುತ್ತು ಮುಗೀತು.

ಕೀ (ಶ್ರುತಿ) ಹುಡುಕೋದು ಪಲ್ಲವಿಯಿಂದ ಮಾಡ್ಬೇಡಿ. ಪಲ್ಲವಿ ಕೆಳಗಡೆ ಇರತ್ತೆ, ಆರಾಮಾಗಿದೆ ಅಂತ ಮೇಲಿನ ಕೀ ಹಿಡ್ದುಬಿಡ್ತೀರ, ಮೂರನೇ ಸಾಲು 'ನಾರುಲ್' ಅಂತ ಶುರುವಾಗೋದು ಸೀದಾ ಮೇಲಿನ ಪ ಇಂದ, ಅಲ್ಲಿ ಗಂಟಲು ಕಟ್ಟತ್ತೆ. ಹಾಡಿನ ಪೂರ್ತಿ ಹರವು ಒಂದೇ ಸ್ಥಾಯಿ, ಕೆಳಗಿನ ಪ ಇಂದ ಮೇಲಿನ ಪ, ಆದ್ರಿಂದ ಮೂರನೇ ಸಾಲನ್ನ ಮೊದ್ಲು ಹಾಡಿ ನೋಡಿ, ಅದು ಕಿರುಚದೇ ಬರೋ ಕಡೆ ಕೀ ಫಿಕ್ಸ್ ಮಾಡಿ. ಗಂಡಸರ ಧ್ವನಿಗೆ ಸಿ ಕೀ ಸುತ್ತಮುತ್ತ, ಹೆಣ್ಮಕ್ಕಳ ಧ್ವನಿಗೆ ಎಫ್ ಸುತ್ತಮುತ್ತ ಟ್ರೈ ಮಾಡಿ ಅಲ್ಲಿಂದ ಹೆಚ್ಚುಕಮ್ಮಿ ಮಾಡ್ಕೊಳ್ಳಿ.

ಈಗ ತಾಳ. ನನ್ನ ಪ್ರಕಾರ ಈ ಹಾಡಿನ ಜೀವ ಇರೋದೇ ಇಲ್ಲಿ, ಮಿಕ್ಕಿದ್ದು ಏನ್ ಬೇಕಾದ್ರೂ ಮಾಡಿ ಇದೊಂದನ್ನ ಬಿಡ್ಬೇಡಿ. ಬೊಂಜೊ ಆರಿರಾಂಗ್ ನಡೆಯೋದು ಸೆಮಾಚಿ ಅನ್ನೋ ತಾಳದಲ್ಲಿ, ಮೂರು ದೊಡ್ಡ ಬೀಟ್, ಒಂದೊಂದರ ಒಳಗೂ ಮೂರು ಸಣ್ಣ ಬೀಟ್, ಅಂದ್ರೆ ಒಂಬತ್ತರ ಲೆಕ್ಕ, ತಿಶ್ರ ಗತಿ. ನುಡಿಸೋದು ಜಾಂಗ್ಗು ಅಂತ ನಡು ಸಣ್ಣಗಿರೋ ಡೋಲಿನ ಮೇಲೆ. ಬಾಯಲ್ಲಿ ಹೇಳೋದು ಹೀಗೆ: ದೊಂಗ್, ದೊಂಗ್ ದೊಕ್, ಕುಂಗ್ ದೊಕ್. ದೊಂಗ್ ಅಂದ್ರೆ ಎರಡೂ ಕಡೆ ಒಟ್ಟಿಗೆ, ಕುಂಗ್ ಅಂದ್ರೆ ಎಡಗಡೆ ದಪ್ಪ ಸದ್ದು, ದೊಕ್ ಅಂದ್ರೆ ಬಲಗಡೆ ತೆಳು ಬಿದಿರು ಕಡ್ಡಿಯ ಸದ್ದು. ಒಂಬತ್ತು ಎಣಿಸ್ತಾ ತೊಡೆ ಮೇಲೆ ತಟ್ಟಿ ನೋಡಿ: ಒಂದಕ್ಕೆ ಎರಡೂ ಕೈ, ಎರಡು ಮೂರು ಖಾಲಿ, ನಾಲ್ಕಕ್ಕೆ ಎರಡೂ ಕೈ, ಐದು ಖಾಲಿ, ಆರಕ್ಕೆ ಬಲಗೈ, ಏಳಕ್ಕೆ ಎಡಗೈ, ಎಂಟಕ್ಕೆ ಬಲಗೈ, ಒಂಬತ್ತು ಖಾಲಿ. ಆ ಆರು-ಏಳು-ಎಂಟರಲ್ಲಿ ಒಂದು ಪುಟ್ಟ ಎಡವಿದಂಥ ಓಟ ಇದೆ ನೋಡಿ, ಭುಜ ತಾನಾಗೇ ಕುಣಿಯತ್ತೆ. ಅದು ಮೈಗೆ ಹತ್ತೋ ತನಕ ಹಾಡೋಕೇ ಹೋಗ್ಬೇಡಿ.

ಪಾಪ್ ರೀಮೇಕ್‌ಗಳು ಕೆಡೋದು ಸಾಮಾನ್ಯವಾಗಿ ಇಲ್ಲೇ. ಕಂಪ್ಯೂಟರ್‌ನಲ್ಲಿ ಮ್ಯೂಸಿಕ್ ಸಾಫ್ಟ್‌ವೇರ್ ಓಪನ್ ಮಾಡಿದ್ರೆ ಗ್ರಿಡ್ ನಾಲ್ಕರ ಲೆಕ್ಕದಲ್ಲಿ ಇರತ್ತೆ, ಅದನ್ನ ಬದಲಾಯಿಸದೇ ಲೂಪ್ ಎಳೆದು ಹಾಕಿ ಹಾಡನ್ನ ಅದರೊಳಗೆ ತುರುಕಿದ್ರೆ ತೂಗಾಟ ಸತ್ತು ಪೆರೇಡ್ ಥರ ಆಗತ್ತೆ. ಮೊದ್ಲೇ 9/8 ಅಂತ ಸೆಟ್ ಮಾಡಿ, ವೇಗ ನಿಮಿಷಕ್ಕೆ 70ರಿಂದ 90 ದೊಡ್ಡ ಬೀಟ್ ಒಳಗೆ ಇಟ್ಕೊಳ್ಳಿ. ಇಲ್ಲ ನಂಗೆ ನಾಲ್ಕು ಬೀಟೇ ಬೇಕು ಅನ್ನೋರು 12/8 ತಗೊಳ್ಳಿ, ಮೂರು ಬೀಟ್ ಹಾಡು, ನಾಲ್ಕನೇದು ಉಸಿರಿಗೆ ಮತ್ತೆ ವಾದ್ಯಕ್ಕೆ, ಆಗ ಒಳಗಿನ ಮೂರು-ಮೂರು ಹಾಗೇ ಉಳಿಯತ್ತೆ, ನಿಧಾನದ ಆರ್ ಅಂಡ್ ಬಿ ಥರ ಸೊಗಸಾಗಿ ಕೂರತ್ತೆ.

ಸಾಹಿತ್ಯದ ಉಚ್ಚಾರಣೆ ಕೊರಿಯನ್ ಬರದೋರಿಗೆ ಸ್ವಲ್ಪ ಕೆಲಸ ಕೊಡತ್ತೆ ಆದ್ರೆ ಕನ್ನಡದೋರಿಗೆ ಅಷ್ಟು ಕಷ್ಟ ಇಲ್ಲ. ಆರಿರಾಂಗ್ ಕೊನೆಯಲ್ಲಿ ಗ ಇಲ್ಲ, ಬರೀ ನಮ್ಮ ಙ, ನಾಲಿಗೆ ಹಿಂದೆ ಹೋಗಿ ನಿಲ್ಲತ್ತೆ ಅಷ್ಟೇ, ಅಲ್ಲಿ ಗ ಕೇಳಿಸಿದ್ರೆ ಕೊರಿಯನ್ನರಿಗೆ ತಕ್ಷಣ ಗೊತ್ತಾಗತ್ತೆ. 'ನಾರುಲ್'ನಲ್ಲಿ ಬರೋ ಉ ತುಟಿ ಗುಂಡಗೆ ಮಾಡದೇ ಹೇಳೋ ಉ, ತುಳುವಿನಲ್ಲಿ ಪದದ ಕೊನೆಗೆ ಬರೋ ಅರ್ಧ ಉಕಾರ ಕೇಳಿದ್ರೆ ಹೆಚ್ಚುಕಮ್ಮಿ ಅದೇ. ಇನ್ನೊಂದು, ನಾಲ್ಕನೇ ಸಾಲಿನಲ್ಲಿ 'ಹತ್ತು ರಿ' (ಇಲ್ಲಿ ರಿ ಅಂದ್ರೆ ಸ್ವರ ಅಲ್ಲ, ಕೊರಿಯಾದ ಹಳೇ ದೂರದ ಅಳತೆ) ಅನ್ನೋ ಮಾತು ಬರಹದಲ್ಲಿ ಸಿಪ್-ರಿ ಅಂತಿದ್ರೂ ಹೇಳೋದು ಸಿಮ್ನಿ, ಆದ್ರಿಂದ ಅಕ್ಷರ ನೋಡ್ಕೊಂಡು ಹಾಡೋಕೆ ಹೋಗ್ಬೇಡಿ, ಕೇಳ್ಕೊಂಡು ಕಲೀರಿ.

ಅರ್ಥ ತಿಳ್ಕೊಂಡೇ ಹಾಡಿ. ಹುಡುಗಿ ಅನ್ನೋದು ಇಷ್ಟು: ನನ್ನ ಬಿಟ್ಟು ಹೋಗ್ತಿರೋ ನನ್ನ ನಲ್ಲ ಹತ್ತು ರಿ ದಾಟೋದ್ರೊಳಗೆ ಕಾಲು ನೋವು ಬಂದು ನಿಲ್ತಾನೆ. ಹತ್ತು ರಿ ಅಂದ್ರೆ ಸುಮಾರು 4 ಕಿಲೋಮೀಟರ್. ಇದು ಶಾಪ ಅಲ್ಲ, ದೂರ ಹೋಗ್ಬೇಡ ಅಂತ ಹುಸಿಮುನಿಸಿನಲ್ಲಿ ಹೇಳೋ ಮಾತು, ಅದರಲ್ಲಿ ನೋವೂ ಇದೆ ತುಂಟತನವೂ ಇದೆ. ಕೊರಿಯನ್ನರು ಹಾನ್ ಅಂತ ಕರೆಯೋ ಆಳದ ನೋವಿನ ಬಗ್ಗೆ ಎಲ್ಲರೂ ಬರೀತಾರೆ, ಅದರ ಜೊತೆಗೇ ಹುಂಗ್ ಅನ್ನೋ ಹುರುಪಿನ ಮಾತೂ ಇದೆ ಅವರಲ್ಲಿ, ಪೂರ್ತಿ ಅತ್ತುಕೊಂಡು ಹಾಡಿದ್ರೆ ಈ ಎರಡನೇದು ಕಳೆದುಹೋಗತ್ತೆ. ಮೂರನೇ ಸಾಲನ್ನ ಬಿಗಿಯಾಗಿ ಶುರು ಮಾಡಿ ನಾಲ್ಕನೇದರಲ್ಲಿ ಸಡಿಲ ಬಿಡಿ, ಸ್ವಲ್ಪ ನಗು ಇರೋ ಧ್ವನಿ ಬಂದ್ರೂ ತಪ್ಪಿಲ್ಲ.

ಗಂಟಲಿನ ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಸ್ವರವನ್ನ ಅಲುಗಿಸೋದು, ಬಾಗಿಸೋದು, ಜಾರಿಸೋದು, ಇದಕ್ಕೆಲ್ಲ ಕೊರಿಯನ್ ಸಂಗೀತದಲ್ಲಿ ಸಿಗಿಮ್‌ಸೇ ಅಂತಾರೆ. ಗ್ಯೊಂಗ್ಗಿ ಶೈಲಿಯಲ್ಲಿ ಧ್ವನಿ ತಿಳಿಯಾಗಿ, ಹಗುರಾಗಿ, ಸಣ್ಣ ಸಣ್ಣ ಅಲುಗಾಟ. ದಕ್ಷಿಣದ ಜೊಲ್ಲಾ ಕಡೆ, ಜಿಂದೊ ಆರಿರಾಂಗ್ ಅಂಥದ್ರಲ್ಲಿ, ಧ್ವನಿ ದಪ್ಪ, ಕೆಳಗಿನ ಸ್ವರವನ್ನ ಜೋರಾಗಿ ನಡುಗಿಸ್ತಾರೆ, ಮೇಲಿನದನ್ನ ಮುರಿದು ಕೆಳಕ್ಕೆ ಜಾರಿಸ್ತಾರೆ, ಪನ್ಸೊರಿ ಅಂತ ಕಥೆಯನ್ನ ಹಾಡಿ ಹೇಳೋ ಪದ್ಧತಿ ಇದೆಯಲ್ಲ, ಅದನ್ನ ಹಾಡೋರ ಗಂಟಲು ಅದು. ಇವೆರಡನ್ನ ಕಲಸ್ಬೇಡಿ, ಬೊಂಜೊಗೆ ಜೊಲ್ಲಾ ನಡುಕ ಹಾಕಿದ್ರೆ ನಾಟಕ ಮಾಡಿದ ಹಾಗಿರತ್ತೆ. ಕರ್ನಾಟಕ ಸಂಗೀತ ಕಲಿತಿರೋರಿಗೆ ಸ್ಪೆಷಲ್ ಆಗಿ ಹೇಳ್ತೀನಿ, ಐದು ಸ್ವರ ಮೋಹನದ್ದೇ ಅಂತ ಗ ಮೇಲೆ ದ ಮೇಲೆ ನಮ್ಮ ಗಮಕ ಹಾಕಿದ್ರಿ ಅಂದ್ರೆ ಎರಡೇ ಸಾಲಿಗೆ ಅದು ಮೋಹನದ ದೇವರನಾಮ ಆಗ್ಬಿಡತ್ತೆ, ಆರಿರಾಂಗ್ ಎಲ್ಲೋ ಹೋಗತ್ತೆ. ಸ್ವರವನ್ನ ನೇರವಾಗಿ ಹಿಡಿದು, ಎಳೆಯೋ ಕೊನೆಯಲ್ಲಿ ಮಾತ್ರ ಅಲುಗಿಸಿ. ಪಾಪ್ ರನ್ ಹಾಕ್ಲೇಬೇಕು ಅಂದ್ರೆ ಕೊನೆಯ ಸುತ್ತಿನ 'ಯೋ'ಗೆ ಒಂದು ಸಾಕು, ಅದೂ ಐದು ಸ್ವರದ ಹೊರಗೆ ಹೋಗದೇ.

ಹಿನ್ನೆಲೆಗೆ ಬಂದ್ರೆ, ಹಳ್ಳಿ ಹಾಡಿಗೆ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಅನ್ನೋದು ಇರಲೇ ಇಲ್ಲ, ಹಾಡು ಮತ್ತೆ ಡೋಲು, ಅಷ್ಟೇ. ಹಾಗಾಗಿ ಮ ಮತ್ತು ನಿ ತುಂಬಿರೋ ಕಾರ್ಡ್ ಹಾಕಿದ್ರೆ ಚರ್ಚ್ ಹಾಡಿನ ಬಣ್ಣ ಬಂದ್ಬಿಡತ್ತೆ. ಸಿ ಕೀಯಲ್ಲಿ ಸಿ ಆ್ಯಡ್ ನೈನ್, ಎ ಮೈನರ್ ಸೆವೆನ್, ಜಿ ಸಸ್ ಫೋರ್, ಡಿ ಸಸ್ ಫೋರ್, ಇವು ನಾಲ್ಕೂ ಹಾಡಿನ ಐದು ಸ್ವರದಿಂದಲೇ ಆಗೋವು, ಇವಿಷ್ಟರಲ್ಲೇ ಇಡೀ ಹಾಡು ಮುಗಿಸಬಹುದು. ವಾದ್ಯ ಹಾಕೋದಾದ್ರೆ ಒಂದೇ ಆರಿಸ್ಕೊಳ್ಳಿ: ಎರಡು ತಂತಿಯ ಹೇಗುಂ ಅಥವಾ 12 ತಂತಿಯ ಗಾಯಾಗುಂ ಅಥವಾ ದೇಗುಂ ಅನ್ನೋ ದೊಡ್ಡ ಬಿದಿರು ಕೊಳಲು. ಮೂರೂ ಒಟ್ಟಿಗೆ ಹಾಕಿದ್ರೆ ಟೂರಿಸಂ ಜಾಹೀರಾತು ಥರ ಆಗತ್ತೆ. ವಾದ್ಯಕ್ಕೆ ಬೇರೆ ಟ್ಯೂನ್ ಬರೀಬೇಡಿ, ಅಲ್ಲಿಯ ಪದ್ಧತಿಯಲ್ಲಿ ವಾದ್ಯ ಹಾಡೋರ ಹಿಂದೆನೇ ಹೋಗತ್ತೆ, ಅದಕ್ಕೆ ಸುಸೊಂಗ್ ಗಾರಾಕ್ ಅಂತಾರೆ, ಹಾಡಿದ್ದನ್ನೇ ಸ್ವಲ್ಪ ತಡವಾಗಿ, ಸ್ವಲ್ಪ ಬಾಗಿಸಿ ನುಡಿಸೋದು. ಪಿಟೀಲು ನುಡಿಸೋ ಫ್ರೆಂಡ್ ಇದ್ರೆ ಇದನ್ನ ಹೇಳಿದ್ ತಕ್ಷಣ ಅರ್ಥ ಮಾಡ್ಕೊಳ್ತಾರೆ, ನಮ್ಮ ಕಚೇರಿಯಲ್ಲೂ ಪಕ್ಕವಾದ್ಯದೋರು ಅದನ್ನೇ ತಾನೆ ಮಾಡೋದು.

ಎಷ್ಟು ಬದಲಾಯಿಸಬಹುದು ಅನ್ನೋ ಅಳತೆ ಸಿಗ್ಬೇಕಂದ್ರೆ ಎರಡು ಥರದವರನ್ನ ಕೇಳಿ. 2020ರಲ್ಲಿ ಪನ್ಸೊರಿ ಕಥೆಯನ್ನ ಪಾಪ್ ಮಾಡಿದ ಲೀನಾಲ್ಚಿ ಬ್ಯಾಂಡ್‌ನಲ್ಲಿ ಗಿಟಾರೇ ಇಲ್ಲ, ಎರಡು ಬೇಸ್, ಡ್ರಮ್ಸ್, ನಾಲ್ಕು ಜನ ಹಾಡೋರು, ಗಂಟಲು ಮುಟ್ಟದೇ ಕೆಳಗಿನ ನೆಲ ಮಾತ್ರ ಬದಲಾಯಿಸಿದ್ರು. ಸಿಂಗ್‌ಸಿಂಗ್ ಅನ್ನೋ ತಂಡ 2017ರಲ್ಲಿ ಅಮೆರಿಕದ ಎನ್‌ಪಿಆರ್ ರೇಡಿಯೊದ ಟೈನಿ ಡೆಸ್ಕ್ ಕಾರ್ಯಕ್ರಮದಲ್ಲಿ ಹಾಡಿದ್ದೂ ಹಾಗೇ, ಜನಪದದ ಗಂಟಲು, ಕೆಳಗೆ ಡಿಸ್ಕೊ ಮತ್ತೆ ರಾಕ್. ಇನ್ನೊಂದು ಕಡೆ ಚೊ ಯೊಂಗ್-ಪಿಲ್, 1980ರ ಮೊದಲ ಆಲ್ಬಂನಲ್ಲಿ 'ಹಾನ್ ಒಬೇಂಗ್ನ್ಯೊನ್' ಅನ್ನೋ ಗಾಂಗ್ವೊನ್ ಜನಪದ ಹಾಡಿದ್ದು, ಅಲ್ಲಿ ಬಂಡವಾಳ ಎಲ್ಲಾ ಪಾಪ್ ಸಿಂಗರ್‌ನ ಕಂಠವೇ, ಒಡೆದು ಬರೋ ಆ ಧ್ವನಿಗೇ ಜನ ಮರುಳಾದ್ರು. ನಿಮ್ಮ ಧ್ವನಿ ಯಾವ ಕಡೆಗೆ ಅಂತ ನೋಡ್ಕೊಂಡು ಒಂದು ದಾರಿ ಹಿಡೀರಿ.

ರ‍್ಯಾಪ್ ಸೇರಿಸೋ ಆಸೆ ಇದ್ರೆ ನಾಚಿಕೆ ಬೇಡ, ಜೊಂಗ್ಸೊನ್ ಕಡೆಯೇ ಯೊಕ್ಕುಮ್ ಆರಾರಿ ಅಂತ ಒಂದು ಪದ್ಧತಿ ಇದೆ, ಮೊದ್ಲು ಮಾತನ್ನ ದಬದಬ ಅಂತ ಒತ್ತೊತ್ತಾಗಿ ಸುರಿದು ಕೊನೆಗೆ ನಿಧಾನದ ಟ್ಯೂನ್‌ಗೆ ಇಳಿಯೋದು. ಅದೇ ಆಕಾರ ಇಟ್ಕೊಂಡು ಬರೀರಿ. ಹಾಗೇ ಚರಣ ಹೊಸದಾಗಿ ಕಟ್ಟೋದಕ್ಕೂ ಪೂರ್ತಿ ಸ್ವಾತಂತ್ರ್ಯ ಇದೆ, ಹೊಲದಲ್ಲಿ ಹಾಡ್ತಿದ್ದವರು ಪಲ್ಲವಿ ಹಾಗೇ ಇಟ್ಟು ಚರಣ ತಮ್ಮ ಕಷ್ಟಸುಖಕ್ಕೆ ತಕ್ಕಂತೆ ಕಟ್ಕೊಳ್ತಾ ಹೋದ್ರಿಂದಲೇ ಅಷ್ಟು ಸಾವಿರ ಆಗಿದ್ದು. ಎರಡು ಸಾಲು ಕನ್ನಡದಲ್ಲಿ ಬರೆದ್ರೂ ನಡೆಯತ್ತೆ, ಪಲ್ಲವಿ ಮಾತ್ರ ಕೊರಿಯನ್‌ನಲ್ಲೇ ಇರಲಿ. ಆದ್ರೆ ಅಣಕ ಮಾಡೋಕೆ ಬಳಸ್ಬೇಡಿ ದಯವಿಟ್ಟು, 1991ರಲ್ಲಿ ಚೀಬಾದ ವಿಶ್ವ ಟೇಬಲ್ ಟೆನಿಸ್‌ನಲ್ಲಿ ಎರಡೂ ಕೊರಿಯಾ ಒಂದೇ ತಂಡವಾಗಿ ಆಡಿದಾಗ ರಾಷ್ಟ್ರಗೀತೆ ಬದಲು ನುಡಿಸಿದ್ದು ಇದೇ ಹಾಡು, ಅವರಿಗೆ ಇದು ಅಷ್ಟು ಹತ್ತಿರದ್ದು.

ರೆಕಾರ್ಡಿಂಗ್‌ಗೆ ದೊಡ್ಡ ಸೂತ್ರ ಏನಿಲ್ಲ, ಧ್ವನಿ ಮುಂದೆ ಇರಲಿ, ರಿವರ್ಬ್ ಕಮ್ಮಿ, ಸ್ವರ ತಾನಾಗೇ ತಿದ್ದೋ ಆಟೋಟ್ಯೂನ್ ತೀರಾ ಬಿಗಿ ಇಟ್ರೆ ಮಾಡಿರೋ ಸಿಗಿಮ್‌ಸೇ ಎಲ್ಲಾ ಇಸ್ತ್ರಿ ಹೊಡೆದು ಚಪ್ಪಟೆ ಮಾಡತ್ತೆ, ಸಾಧ್ಯ ಆದ್ರೆ ಆಫ್ ಮಾಡಿ.

ಕೊನೆಗೆ ಹಕ್ಕಿನ ವಿಷ್ಯ. ಹಳೇ ಜನಪದ ಟ್ಯೂನ್ ಯಾರೊಬ್ಬರ ಸ್ವತ್ತೂ ಅಲ್ಲ, ಆದ್ರೆ ಯಾವುದೋ ಸ್ಟಾರ್ ಮಾಡಿಸಿದ ಅರೇಂಜ್‌ಮೆಂಟ್, ಹೊಸದಾಗಿ ಬರೆದ ಸಾಲು, ಅವರ ರೆಕಾರ್ಡಿಂಗ್, ಇವಕ್ಕೆ ಹಕ್ಕು ಇದೆ, ಕೊರಿಯಾದಲ್ಲಿ ಎಂಆರ್ ಅಂತ ಕರೆಯೋ ಕರೋಕೆ ಟ್ರ್ಯಾಕ್ ಇಳಿಸಿಕೊಂಡು ಅದರ ಮೇಲೆ ಹಾಡಿದ್ರೂ ಆ ಟ್ರ್ಯಾಕ್‌ನವರು ಕ್ಲೇಮ್ ಹಾಕಬಹುದು, ಅದಕ್ಕೇ ಹಿನ್ನೆಲೆ ನೀವೇ ಕಟ್ಟಿ. ಅಪ್‌ಲೋಡ್ ಮಾಡುವಾಗ ಸಂಗೀತ ಅನ್ನೋ ಕಡೆ ನಿಮ್ಮ ಹೆಸರು ಹಾಕ್ಬೇಡಿ, 'ಕೊರಿಯನ್ ಜನಪದ, ಗ್ಯೊಂಗ್ಗಿ ಶೈಲಿಯ ಬೊಂಜೊ ಆರಿರಾಂಗ್' ಅಂತ ಬರೆದು ಅರೇಂಜ್‌ಮೆಂಟ್ ಪಕ್ಕ ನಿಮ್ಮ ಹೆಸರು ಹಾಕಿ, ಚರಣ ನೀವೇ ಬರೆದಿದ್ರೆ ಅದನ್ನೂ ಬೇರೆಯಾಗಿ ಹೇಳಿ, ಯಾರ ವರ್ಷನ್ ಕೇಳ್ಕೊಂಡು ಕಲಿತಿರೋ ಅವರ ಹೆಸರನ್ನೂ ಕೆಳಗೆ ಸೇರಿಸಿ.